ಕೂಲರ್ ಕೋಣೆಯ ಸಸಿ ಕಾಕಾ

ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರಲ್ಲಿ ಓಣಿಗೊಬ್ಬರಾದರೂ ಸಸಿ ಕಾಕಾ ಇದ್ದೇ ಇರುತ್ತಾರೆ. ವಯಸ್ಸು ಐವತ್ತೈದು ದಾಟಿರುತ್ತದೆ. ನೌಕರಿ ಮುಗಿದಿರುತ್ತದೆ, ಇಲ್ಲವೇ ಮುಗಿಯುವ ಹೊತ್ತಾಗಿರುತ್ತದೆ. ಊರ ಹೊರಗಿನ ಅಜ್ಜನ ಕಾಲದ ಎರಡೆಕರೆಯನ್ನು ಪಾಲಿಗೆ ಹಾಕಿರುತ್ತಾರೆ. ಕಾಕಾ ಆ ಹೊಲಕ್ಕೆ ಹೋಗುವುದು ವರ್ಷಕ್ಕೆ ಎರಡೇ ಸಲ, ಸೀಗಿ ಹುಣ್ಣಿಮೆಗೊಮ್ಮೆ ಮತ್ತು ಎಳ್ಳಮಾವಾಸ್ಯೆಗೊಮ್ಮೆ. ಎರಡು ಸಲವೂ ಊಟಕ್ಕೆ. ಅವರ ನಿಜವಾದ ಒಕ್ಕಲುತನ ನಡೆಯುವುದು ಮನೆಯೊಳಗೆ, ಕೂಲರ್ ಇರುವ ಕೋಣೆಯಲ್ಲಿ.

ಮನೆಯೊಳಗೇ ಯಾಕೆ ಅಂದರೆ ಕಾಕಾ ಹತ್ತಿರ ಉತ್ತರವಿದೆ, ಅದು ತಪ್ಪೂ ಅಲ್ಲ. ಮಳೆಗಾಲದ ಮೆಣಸಿನಗಿಡಕ್ಕೆ ಸಸಿ ತಯಾರಾಗಬೇಕೆಂದರೆ ಬೀಜ ಹಾಕಬೇಕಾದದ್ದು ಬೇಸಿಗೆಯ ಬಾಲದಲ್ಲಿ. ಮೆಣಸಿನ ಬೀಜ ಚೆನ್ನಾಗಿ ಮೊಳೆಯುವುದು 25ರಿಂದ 30 ಡಿಗ್ರಿಯಲ್ಲಿ, ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ 42 ದಾಟಿರುತ್ತದೆ. ಅಂಗಳದಲ್ಲಿಟ್ಟ ಟ್ರೇ ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿ ಹಪ್ಪಳವಾಗುತ್ತದೆ. ಅಷ್ಟಾಗಿ ಉಳಿದದ್ದಕ್ಕೆ ಗುಬ್ಬಿ, ಅಳಿಲು, ಪಕ್ಕದ ಮನೆಯ ಕೋಳಿ ಪಾಲುದಾರರು. ಹಾಗಾಗಿ ಸಸಿ ಒಳಗೆ ಬಂದವು. ತೊಂದರೆ ಇಷ್ಟೇ, ಮನೆಯಲ್ಲಿರುವುದು ಒಂದೇ ಕೂಲರ್. ಅದರ ಮುಖ ಈಗ ಮಂಚದ ಕಡೆ ಇಲ್ಲ.

ಸಂಸಾರ ಹೂಡುವುದೇ ಒಂದು ಸಂಭ್ರಮ. ಶಹಾಪುರದಿಂದ 98 ಕುಳಿಯ ನಾಲ್ಕು ಪ್ರೋಟ್ರೇ ಬರುತ್ತವೆ, ಜೊತೆಗೆ ಐದು ಕಿಲೋದ ಒಂದು ಕೊಕೊಪಿಟ್ ಬ್ಲಾಕ್. ತೆಂಗಿನ ನಾರಿನ ಪುಡಿಯನ್ನು ಒತ್ತಿ ಅಡಿ ಉದ್ದಗಲಕ್ಕೆ ಕಟ್ಟಿದ ಈ ಬ್ಲಾಕ್ ನೀರು ಕುಡಿದರೆ ಉಬ್ಬಿ ಎಪ್ಪತ್ತು ಲೀಟರಿನಷ್ಟಾಗುತ್ತದೆ. ಇದನ್ನು ಕಾಕಾ ಓದಿರುತ್ತಾರೆ, ಆದರೆ ನಂಬಿರುವುದಿಲ್ಲ. ಇಡೀ ಬ್ಲಾಕನ್ನು ಬಚ್ಚಲಮನೆಯ ಟಬ್ಬಿನಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಸ್ನಾನಕ್ಕೆ ಹೋದವರಿಗೆ ಬಚ್ಚಲಲ್ಲಿ ಜಾಗವಿಲ್ಲ. ನಾಲ್ಕು ಟ್ರೇ ತುಂಬಿದ ಮೇಲೂ ಮುಕ್ಕಾಲು ಪಾಲು ಉಳಿದಿರುತ್ತದೆ, ಮುಂದಿನ ದೀಪಾವಳಿಯವರೆಗೂ ಅಲ್ಲೇ ಇರುತ್ತದೆ.

ಬೀಜ ಹಾಕುವಾಗ ಮಾತ್ರ ಅವರ ಶ್ರದ್ಧೆಯನ್ನು ಮೆಚ್ಚಬೇಕು. ಕನ್ನಡಕ ಮೂಗಿನ ತುದಿಗೆ ಬಂದಿರುತ್ತದೆ. ಒಂದು ಕುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ, ಮೇಲೆ ಬೆರಳ ತುದಿಯಿಂದ ಕೊಕೊಪಿಟ್. ಆಮೇಲೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಸುಮ್ಮನೆ ಬಿಡಬೇಕು. ಆರರಿಂದ ಹತ್ತು ದಿನದಲ್ಲಿ ಮೊಳಕೆ ತಾನಾಗಿ ಬರುತ್ತದೆ. ಈ ಸುಮ್ಮನೆ ಬಿಡುವುದೇ ಕಾಕಾಗೆ ಬರದ ವಿದ್ಯೆ. ಮೂರನೇ ದಿನಕ್ಕೆ ಹೆಂಡತಿ ಕಾಕುವಿನ ಹೇರ್‌ಪಿನ್ ಕೈಗೆ ಬರುತ್ತದೆ. ಮೂಲೆಯ ಕುಳಿಯೊಂದನ್ನು ಮೆಲ್ಲಗೆ ಕೆದರಿ, ಬೀಜ ಎತ್ತಿ, ಬೆಳಕಿಗೆ ಹಿಡಿದು, ಬಿಳಿ ತುದಿ ಕಂಡಿತೋ ಇಲ್ಲವೋ ನೋಡಿ ಮತ್ತೆ ಹೂಳುತ್ತಾರೆ. ನಾಳೆ ಪಕ್ಕದ ಕುಳಿ. ಎಲ್ಲ ಮೊಳೆತ ಮೇಲೆ ಒಂದು ಸಾಲು ಖಾಲಿ ಉಳಿದರೆ ಬೈಗುಳ ತಿನ್ನುವುದು ಬೀಜದ ಕಂಪನಿ.

ಇನ್ನು ಬೆಳಕು. ಕಿಟಕಿಯ ಬೆಳಕು ಸಾಲದು ಎಂದು ಮೊದಲ ವರ್ಷ ಟ್ಯೂಬ್‌ಲೈಟ್ ಬರುತ್ತದೆ. ಅದನ್ನು ಸಸಿಯ ತಲೆಯಿಂದ ನಾಲ್ಕಾರು ಇಂಚು ಮೇಲೆ ತೂಗಬೇಕು, ಕಾಕಾ ಚಾವಣಿಗೇ ಹಾಕಿಸಿರುತ್ತಾರೆ. ಸಸಿಗಳು ಬೆಳಕು ಹುಡುಕುತ್ತ ಬಡಕಲು ಕುತ್ತಿಗೆ ಚಾಚುತ್ತವೆ. ಎರಡನೇ ವರ್ಷ ಆನ್‌ಲೈನಿನಲ್ಲಿ ಕೆಂಪು, ನೀಲಿ ಎಲ್‌ಇಡಿ ಪಟ್ಟಿ ತರಿಸುತ್ತಾರೆ. ಎಲೆಯ ಪತ್ರಹರಿತ್ತು ಹೆಚ್ಚಾಗಿ ಹೀರುವುದು ಆ ಎರಡು ಬಣ್ಣಗಳನ್ನೇ, ಅದರಲ್ಲೂ ನೀಲಿ ಇದ್ದರೆ ಸಸಿ ಗಿಡ್ಡಗೆ, ಗಟ್ಟಿಯಾಗಿ ಬರುತ್ತದೆ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರು ಜಪಾನಿ ಮೂಲದ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂದದ್ದನ್ನು ಕಾಕಾ ಹಾಲು ಹಾಕುವವನಿಗೂ ಹೇಳಿರುತ್ತಾರೆ. ದಿನಕ್ಕೆ ಹದಿನಾಲ್ಕು ತಾಸು ಕಿಟಕಿಯಿಂದ ನೇರಳೆ ಬೆಳಕು ಓಣಿಗೆ ಚೆಲ್ಲುತ್ತದೆ. ಒಂದು ರಾತ್ರಿ ಎದುರುಮನೆಯವರು ಬಾಗಿಲಿಗೇ ಬಂದು ಕೇಳುತ್ತಾರೆ: “ಕಾಕಾ, ಬಾರ್ ಲೈಸೆನ್ಸ್ ಸಿಕ್ತೇನ್ರಿ?”

ಕರೆಂಟ್ ಹೋದರೆ ಇನ್ವರ್ಟರ್ ಮೊದಲು ಸಸಿಗೆ. ಫ್ಯಾನ್ ಆಮೇಲೆ, ಬ್ಯಾಟರಿ ಉಳಿದಿದ್ದರೆ.

ಬೆಳಕಿನ ಈ ಶಾಸ್ತ್ರದಲ್ಲಿ ಕಾಕಾಗೆ ಮನೆಯಲ್ಲೇ ಒಬ್ಬ ಎದುರಾಳಿ ಇದ್ದಾರೆ. ದಸರಾದಲ್ಲಿ ಕಾಕು ದೇವರ ಮುಂದೆ ಘಟ ಹಾಕುತ್ತಾರೆ. ಮಣ್ಣು, ಗೋಧಿ, ಮೇಲಿಷ್ಟು ನೀರು, ಅಷ್ಟೇ. ಎಲ್‌ಇಡಿ ಇಲ್ಲ, ಕೂಲರ್ ಇಲ್ಲ. “ಒಂಬತ್ತ್ ದಿನದಾಗ ನಮ್ಮ ಘಟದ ಸಸಿ ಗೇಣುದ್ದ ಬರ್ತಾವ. ನಿಮ್ಮವು ತಿಂಗಳಾದ್ರೂ ಬಟ್ಟಿನಷ್ಟ ಅವ. ಯಾರ್ದ್ ಛಲೋ ಅದ ಹೇಳ್ರಿ” ಎಂದು ಕಾಕು ಕೇಳಿದಾಗ ಕಾಕಾ ಪಾಠ ಶುರುಮಾಡುತ್ತಾರೆ. ಕತ್ತಲಲ್ಲಿ ಬೆಳೆದ ಸಸಿ ಬೆಳಕಿಗಾಗಿ ಉದ್ದಕ್ಕೆ ಓಡುತ್ತದೆ, ಹಸಿರು ಕಟ್ಟುವುದಿಲ್ಲ, ಅದಕ್ಕೇ ಹಳದಿ. ಡಾರ್ವಿನ್ ಮುಪ್ಪಿನಲ್ಲಿ ಮಗ ಫ್ರಾನ್ಸಿಸ್ ಜೊತೆ ಕೂತು ಹುಲ್ಲಿನ ಮೊಳಕೆಯ ತುದಿಗೆ ಟೋಪಿ ಹಾಕಿ ನೋಡಿದ್ದು, ಟೋಪಿ ಹಾಕಿದ ಮೊಳಕೆ ಬೆಳಕಿನ ಕಡೆ ಬಾಗದೇ ಹೋದದ್ದು, 1880ರಲ್ಲಿ ಆ ಪುಸ್ತಕ ಬಂದದ್ದು ಎಲ್ಲ ಹೇಳಿ, “ಅದಕ್ಕ ನಿನ್ನವು ಹಳದಿ ಅವ” ಎಂದು ಮುಗಿಸುತ್ತಾರೆ.

“ದೇವಿಗಿ ಹಳದಿನೇ ಬೇಕ್ರಿ” ಅನ್ನುತ್ತಾರೆ ಕಾಕು. ಚರ್ಚೆ ಅಲ್ಲಿಗೆ ಬಂದ್.

ಆದರೆ ಕಾಕಾನ ಸಸಿಗೆ ನಿಜವಾದ ಶತ್ರು ಕತ್ತಲಲ್ಲ, ಕಾಕಾನ ತಂಬಿಗೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸುತ್ತು ನೀರು, ಚಹಾ ಆದ ಮೇಲೆ ಒಂದು ಸುತ್ತು, ಪೇಪರ್ ಓದಿ ಮನಸ್ಸು ಕೆಟ್ಟರೆ ಇನ್ನೊಂದು. ಮೇಲಿನಿಂದ ಕೂಲರಿನ ತೇವದ ಗಾಳಿ, ಕಿಟಕಿ ಬಂದ್, ಕೊಕೊಪಿಟ್ ಯಾವಾಗಲೂ ಹಸಿ. ಪಿಥಿಯಂ, ರೈಜೋಕ್ಟೋನಿಯಾ ಎಂಬ ಬೂಸ್ಟುಗಳಿಗೆ ಇದಕ್ಕಿಂತ ಒಳ್ಳೆಯ ವಸತಿ ಜಿಲ್ಲೆಯಲ್ಲೇ ಸಿಗುವುದಿಲ್ಲ. ಒಂದು ಮುಂಜಾನೆ ಮಧ್ಯದ ಏಳೆಂಟು ಸಸಿ ಅಡ್ಡಬಿದ್ದಿರುತ್ತವೆ. ಬಾಗಿ ನೋಡಿದರೆ ಮೇಲಿನ ಎರಡೆಲೆ ಇನ್ನೂ ಹಚ್ಚಗಿವೆ. ಬುಡದಲ್ಲಿ, ಕೊಕೊಪಿಟ್ ತಾಗುವ ಜಾಗದಲ್ಲಿ ಮಾತ್ರ ಕಾಂಡ ಕಂದಿ, ನೀರುಗಟ್ಟಿ, ದಾರದಷ್ಟಾಗಿದೆ. ಇದು ಸಸಿ ಕೊಳೆ ರೋಗ. ಕಾಕಾ ಅದನ್ನು ಓದುವುದು ಬೇರೆ ರೀತಿ. ಬಿದ್ದಿವೆ ಅಂದರೆ ನೀರಡಿಸಿವೆ. ಇನ್ನೊಂದು ತಂಬಿಗೆ ಸುರಿಯುತ್ತಾರೆ. ಮರುದಿನಕ್ಕೆ ಇಡೀ ಟ್ರೇ.

“ಶಹಾಪುರ ಗುಡ್ಡದಾಗ ಬುದ್ಧ ಮಲಗ್ಯಾನ, ನಮ್ಮ ಮನ್ಯಾಗ ಮೆಣಸಿನ ಸಸಿ ಮಲಗ್ಯಾವ. ಎರಡೂ ಏಳಂಗಿಲ್ಲ ತಗೀರಿ” ಅನ್ನುತ್ತಾರೆ ಕಾಕು.

ಆಗ ಕಾಕಾ ಸತ್ತ ಸಸಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ತಜ್ಞರನ್ನು ಹುಡುಕಿ ಹೊರಡುತ್ತಾರೆ. ಜಿಲ್ಲೆಯಲ್ಲಿ ತಜ್ಞರಿಗೆ ಬರವಿಲ್ಲ. ಶಹಾಪುರದ ಪಕ್ಕ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಯಾರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚು ಬೇರೆ ಇರುವುದಿಲ್ಲ. ಬೀಜಕ್ಕೆ ಮೊದಲೇ ಟ್ರೈಕೋಡರ್ಮಾ ಹಚ್ಚಿರಬೇಕಿತ್ತು, ಗಾಳಿ ಆಡಬೇಕು, ನೀರು ಕಡಿಮೆ ಮಾಡಬೇಕು. ಕಾಕಾ ಮೊದಲಿನ ಎರಡನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಪೆನ್ನು ಜೇಬಿಗೆ ಹೋಗಿರುತ್ತದೆ.

ಮುನ್ನೆಚ್ಚರಿಕೆಯಲ್ಲೂ ಅವರು ಹಿಂದೆ ಬೀಳುವವರಲ್ಲ. 2021ರಲ್ಲಿ ಕಪ್ಪು ಥ್ರಿಪ್ಸ್ ಎಂಬ ನುಸಿ ತೆಲಂಗಾಣ, ಆಂಧ್ರದ ಮೆಣಸಿನಕಾಯಿ ಹೊಲಗಳ ಹೂವನ್ನೇ ಉದುರಿಸಿ, ಗಡಿ ದಾಟಿ ನಮ್ಮ ಕಡೆಗೂ ಬಂದಿತು. ಆ ಸುದ್ದಿ ಓದಿದ ರಾತ್ರಿಯೇ ಮೊಮ್ಮಗನ ಸೊಳ್ಳೆಪರದೆ ಸಸಿಗಳ ಮೇಲೆ ಹೋಗಿತ್ತು. ನುಸಿ ತಡೆಯಲು ಇಂಚಿಗೆ ನಲವತ್ತು, ಐವತ್ತು ಎಳೆಯ ನೈಲಾನ್ ಪರದೆ ಬೇಕು. ಸೊಳ್ಳೆಪರದೆಯ ಕಣ್ಣಿನಲ್ಲಿ ನುಸಿಗಳು ಸಂಸಾರ ಸಮೇತ ನಡೆದುಹೋಗಬಹುದು. ಆ ರಾತ್ರಿ ಕೋಣೆಗೆ ನುಸಿ ಬಂದವೋ ಇಲ್ಲವೋ ಗೊತ್ತಿಲ್ಲ, ಮೊಮ್ಮಗನಿಗೆ ಸೊಳ್ಳೆ ಕಚ್ಚಿದ್ದು ಮಾತ್ರ ನಿಜ.

ಸುರಪುರದ ಸಸಿ ಕಾಕಾ ಇವರಿಗಿಂತ ಒಂದು ಮೆಟ್ಟಿಲು ಮೇಲೆ. ಆ ಊರಲ್ಲಿ ಯಾವ ಮಾತು ಶುರುವಾದರೂ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಮುಟ್ಟಿಯೇ ಕೆಳಗಿಳಿಯಬೇಕು. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಬಾಲಕ ರಾಜಾ ವೆಂಕಟಪ್ಪ ನಾಯಕನನ್ನು ನೋಡಿಕೊಂಡದ್ದು, ರಾಜ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದದ್ದು ಇವರಿಗೆ ಬಾಯಿಪಾಠ. “ಸಣ್ಣವನ್ನ ಸಾಕೋದು ನಮ್ಮೂರ ಗುಣನೇ ಅದ್ರಿ” ಎಂದು ಟ್ರೇಯ ಮೇಲೆ ಕೈಯಾಡಿಸುತ್ತಾರೆ. ಅದೇ ರಾಜ 1858ರಲ್ಲಿ ಬ್ರಿಟಿಷರ ಮೇಲೇ ತಿರುಗಿಬಿದ್ದನಲ್ಲ ಎಂದು ಯಾರಾದರೂ ಕೊಂಕು ತೆಗೆದರೆ ಅದಕ್ಕೂ ಉತ್ತರವಿದೆ, ನಾಟಿಗೆ ಮೊದಲು ಸಸಿಯನ್ನು ಬಿಸಿಲು, ಗಾಳಿಗೆ ಪಳಗಿಸುವ ಹಾರ್ಡನಿಂಗ್ ಲೆಕ್ಕದಲ್ಲಿ: “ನೋಡ್ರಿ ಮತ್ತ, ಹಾರ್ಡನಿಂಗ್ ಎಷ್ಟ್ ಛಲೋ ಆಗಿತ್ತು!”

ಹಾಗೆ ಟ್ರೇಯ ಮೇಲೆ ಕೈಯಾಡಿಸುವುದನ್ನು ನೋಡಿ ನಗುವವರಿಗೆ ಒಂದು ಮಾತು ಹೇಳಬೇಕು, ಅದು ಹುಚ್ಚಲ್ಲ. ದಿನಕ್ಕೆ ನಾಲ್ಕು ಸಲ ಮೆಲ್ಲಗೆ ಸವರಿದರೆ, ಇಲ್ಲವೇ ಸಣ್ಣ ಫ್ಯಾನಿನ ಗಾಳಿಗೆ ಅಲುಗಿದರೆ, ಸಸಿಯ ಕಾಂಡ ಉದ್ದವಾಗುವ ಬದಲು ದಪ್ಪವಾಗುತ್ತದೆ. ಕಾಕಾನ ಅಷ್ಟೂ ಮುದ್ದಿನಲ್ಲಿ ಸಸಿಗೆ ನಿಜವಾಗಿ ದಕ್ಕುವುದು ಇದೊಂದೇ ಇರಬೇಕು.

ಇನ್ನು ಹಾರ್ಡನಿಂಗ್. ನಾಟಿಗೆ ಒಂದು ವಾರ ಮೊದಲು ನೀರು ಕಡಿಮೆ ಮಾಡಿ, ಮೊದಲ ದಿನ ಎಳೆಬಿಸಿಲಿಗೆ ಸ್ವಲ್ಪ ಹೊತ್ತು, ಆಮೇಲೆ ದಿನದಿನವೂ ಹೆಚ್ಚಿಸುತ್ತ ಸಸಿಗೆ ಹೊರಗಿನ ಬಿಸಿಲು, ಗಾಳಿ ರೂಢಿ ಮಾಡಿಸುವ ಕೆಲಸ. ಹಾಗೆ ಮಾಡದೆ ಕೂಲರ್ ಗಾಳಿಯಿಂದ ನೇರ ಹೊಲಕ್ಕೆ ಒಯ್ದರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಶಾಲೆಗೆ ಮಗನನ್ನು ಕಳಿಸುವಾಗಲೂ ಇಷ್ಟು ಹಿಂಜರಿಯದ ಕಾಕಾ ಇಲ್ಲಿ ಹಿಂಜರಿಯುತ್ತಾರೆ. ಬೆಳಿಗ್ಗೆ ಏಳಕ್ಕೆ ಟ್ರೇ ಅಂಗಳಕ್ಕೆ ಬರುತ್ತದೆ, ಏಳೂಕಾಲಿಗೆ ಅದರ ಮೇಲೆ ಕೊಡೆ. ಕೊಡೆ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತವರು ಸ್ವತಃ ಕಾಕಾ, ತಮ್ಮ ಬೋಳುತಲೆಯನ್ನು ಬಿಸಿಲಿಗೆ ಕೊಟ್ಟು. ವಾರದ ಕೊನೆಗೆ ಹಾರ್ಡನಿಂಗ್ ಆಗಿರುವುದು ಅವರದೇ.

ಇಷ್ಟರಲ್ಲಿ ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಬರುತ್ತದೆ. ಮೆಣಸಿನ ಸಸಿ ನಾಟಿಗೆ ಸರಿಯಾಗುವುದು 35ರಿಂದ 40 ದಿನಕ್ಕೆ. ಕಾಲುವೆ ನೀರು ತಡವಾದರೆ ಸಸಿ ಬಲಿತು ಬೇರು ಕುಳಿಯಲ್ಲೇ ಸುತ್ತಿಕೊಳ್ಳುತ್ತದೆ, ಬೇಗ ಬಂದರೆ ಸಸಿ ಇನ್ನೂ ಎಳಸು. ಎರಡರ ಲೆಕ್ಕ ಕೂಡಿದ ವರ್ಷ ಕಾಕಾ ಪಾಲಿನ ರೈತನಿಗೆ ಫೋನ್ ಮಾಡಿ ಸಸಿ ತಯಾರಿವೆ ಎಂದು ಘೋಷಿಸುತ್ತಾರೆ. ಆತ ಬಂದು, ಬಾಗಿಲಲ್ಲೇ ನಿಂತು, ಟ್ರೇ ಕಡೆ ಒಮ್ಮೆ ನೋಡಿ ಬಾಯಿಲೆಕ್ಕ ಹಾಕುತ್ತಾನೆ. ಎರಡೂವರೆ ಅಡಿ ಸಾಲು, ಸಸಿಯಿಂದ ಸಸಿಗೆ ಎರಡಡಿ ಹಿಡಿದರೂ ಎಕರೆಗೆ 8,700ರ ಮೇಲೆ ಸಸಿ ಬೇಕು. 98ರ ಟ್ರೇ ಅಂದರೆ 89 ಟ್ರೇ. ಇಲ್ಲಿ ಇರುವುದು ನಾಲ್ಕು. ಅದರಲ್ಲೂ ಒಂದು ಮಲಗಿದೆ.

“ಸಾಹೇಬ್ರ, ನಾ ನರ್ಸರಿಯಾಗ ಬುಕ್ ಮಾಡೀನಿ. ಒಂದೆರಡ್ ರೂಪಾಯಿಗೊಂದು ಬರ್ತಾವ. ಇವು ಮನಿ ಹಿತ್ತಲಕ ಇರ್ಲಿ ಬಿಡ್ರಿ” ಅನ್ನುತ್ತಾನೆ, ಬಹಳ ವಿನಯದಿಂದ. ಕೂಲರಿನ ಕರೆಂಟ್ ಬಿಲ್ಲು, ಎಲ್‌ಇಡಿ, ಕೊಕೊಪಿಟ್ ಎಲ್ಲ ಕೂಡಿಸಿ ತಮ್ಮ ಒಂದು ಸಸಿಗೆ ಬಿದ್ದ ಖರ್ಚೆಷ್ಟು ಎಂಬುದನ್ನು ಕಾಕಾ ಯಾರಿಗೂ ಹೇಳಿಲ್ಲ. ಕಾಕುವಿಗೆ ಗೊತ್ತಿದೆ, ಬಿಲ್ಲು ಕಟ್ಟಿಬರುವವರು ಅವರೇ.

ಹೀಗಾಗಿ ಉಳಿದ ಸಸಿಗಳೆಲ್ಲ ಊರಿಗೆ ಹಂಚಿಕೆಯಾಗುತ್ತವೆ. ಜೂನ್ ಕೊನೆಗೆ ಆ ಓಣಿಯಲ್ಲಿ ಕೆಲಸವಿದ್ದವರು ತಯಾರಾಗಿಯೇ ಹೋಗಬೇಕು. ಚಹಾ ಕೊಟ್ಟ ಮೇಲೆ ಸಸಿ ಕೊಡುತ್ತಾರೆ, ಬೇಡ ಅನ್ನಬೇಡಿ. ಬಿಸಿಲು ಇಳಿದ ಮೇಲೆ ಹಚ್ಚಿ, ಬುಡಕ್ಕಷ್ಟೇ ನೀರು ಹಾಕಿ. ಮರುದಿನ ಫೋನ್ ಬರುತ್ತದೆ. ಛಲೋ ಅವರೀ ಅಂದರೆ ಫೋಟೋ ಕಳಿಸ್ರಿ ಅನ್ನುತ್ತಾರೆ, ಆದ್ದರಿಂದ ನಿಜ ಹೇಳುವುದೇ ಮೇಲು. ಖಾಲಿ ಟ್ರೇಯನ್ನು ಮಾತ್ರ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ವಾಪಸ್ ಕೊಡಿ. ಹಳೆಯ ಟ್ರೇಯಲ್ಲಿ ಉಳಿದ ಬೂಸ್ಟು ಮುಂದಿನ ವರ್ಷದ ಸಸಿಗೆ ಹತ್ತುತ್ತದೆ.