ನೆಪಕ್ಕೆ ಸಾಲದ ಎತ್ತರ

ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಊರಿನಲ್ಲಿ ಪ್ರತಿ ವರ್ಷ ಮೇ ತಿಂಗಳ ಕೊನೆಯ ಸೋಮವಾರ ‘ಬೋಲ್ಡರ್ ಬೌಲ್ಡರ್’ ಎಂಬ 10 ಕಿಲೋಮೀಟರ್ ರಸ್ತೆ ಓಟ ನಡೆಯುತ್ತದೆ. 1979ರಲ್ಲಿ ಇದನ್ನು ಹುಟ್ಟುಹಾಕಿದವರಲ್ಲಿ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಫ್ರಾಂಕ್ ಶಾರ್ಟರ್ ಒಬ್ಬರು. ಊರಿನ ಜನಸಂಖ್ಯೆ ಒಂದು ಲಕ್ಷದ ಚಿಲ್ಲರೆ; ಓಡುವವರು ಒಳ್ಳೆಯ ವರ್ಷಗಳಲ್ಲಿ 50,000ದ ಆಸುಪಾಸು. ಹೀಗಾಗಿ ಆ ಬೆಳಿಗ್ಗೆ ಓಡದೆ ಮನೆಯಲ್ಲಿ ಉಳಿಯಬೇಕಾದರೆ ತಕ್ಕ ಕಾರಣ ಬೇಕು. ಮಗಳ ಬಾಣಂತನಕ್ಕೆ ಬಂದ ಹೆಂಡತಿಗೆ ಆ ಕಾರಣ ಇದೆ. ಅವಳ ಜೊತೆ ಸುಮ್ಮನೆ ಬಂದಿಳಿದ ಬೆಂಗಳೂರಿನ ನಿವೃತ್ತ ಗಂಡನಿಗೆ ಇಲ್ಲ. “ದಿನಾ ಲಾಲ್‌ಬಾಗ್ ಸುತ್ತು ಹಾಕ್ತೀರಲ್ಲ ಮಾವ, ಇದೇನು ಮಹಾ!” ಎಂದು ಅಳಿಯ ಆಗಲೇ ಹೆಸರು ಬರೆಸಿಟ್ಟಿರುತ್ತಾನೆ. ಅಳಿಯನ ಎದುರು ಆಗುವುದಿಲ್ಲ ಎನ್ನುವ ಮಾವ ಇನ್ನೂ ಹುಟ್ಟಿಲ್ಲವಾದ್ದರಿಂದ ಅತಿಥಿ ಓಟಗಾರರು ತಯಾರಾಗುವುದು ಬಹುತೇಕ ಹೀಗೆಯೇ.

ಬೌಲ್ಡರ್ ಇರುವುದು ಸಮುದ್ರಮಟ್ಟದಿಂದ ಸುಮಾರು 1,655 ಮೀಟರ್ ಮೇಲೆ. ಬೆಂಗಳೂರು ಸುಮಾರು 920 ಮೀಟರ್. ಬೌಲ್ಡರ್ ಮಡಿಕೇರಿಗಿಂತ ಎತ್ತರ, ಮುಳ್ಳಯ್ಯನಗಿರಿಯ ತುದಿಗಿಂತ ಮುನ್ನೂರು ಮೀಟರಿನಷ್ಟು ತಗ್ಗು, ಊಟಿಯ ಮುಂದೆ ಲೆಕ್ಕಕ್ಕೇ ಇಲ್ಲ. ಅಡಚಣೆ ಇರುವುದೇ ಇಲ್ಲಿ. ಈ ಎತ್ತರ ಏದುಸಿರು ಬಿಡಿಸಲು ಸಾಕು, ಕನಿಕರ ಗಿಟ್ಟಿಸಲು ಸಾಲದು. “ಇಲ್ಲಿ ಸ್ವಲ್ಪ ಎತ್ತರ ಜಾಸ್ತಿ ಅಲ್ವಾ?” ಎಂದು ಅತಿಥಿ ಪೀಠಿಕೆ ಹಾಕಿದರೆ, ಸ್ಥಳೀಯರು ಅದೇ ರಾಜ್ಯದ ಲೆಡ್‌ವಿಲ್‌ನ ಹೆಸರೆತ್ತುತ್ತಾರೆ. ಅದು ಸುಮಾರು 3,100 ಮೀಟರ್ ಎತ್ತರದ ಊರು. ಅಲ್ಲಿ ಜನ ಒಂದೇ ಏಟಿಗೆ 100 ಮೈಲಿ ಓಡುತ್ತಾರೆ. ಕೊಲೊರಾಡೊದ ಪ್ರತಿಯೊಬ್ಬರಿಗೂ ಅದನ್ನು ಓಡಿದ ಒಬ್ಬ ನೆಂಟನಿದ್ದಾನೆ. ಆ ನೆಂಟನ ಕಥೆ ಮುಗಿದ ಮೇಲೆ “ನೀರು ಚೆನ್ನಾಗಿ ಕುಡಿಯಿರಿ” ಎಂಬ ಉಪದೇಶ. ತಲೆನೋವಿಗೂ ನೀರು, ಸುಸ್ತಿಗೂ ನೀರು, ನಿದ್ದೆ ಬಾರದಿದ್ದರೂ ನೀರು. ಎರಡನೇ ದಿನಕ್ಕೆ ಅತಿಥಿಗೆ ನೀರಿನ ಮಾತು ಕೇಳಿದರೇ ರೇಗುತ್ತದೆ.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂಬುದು ತಪ್ಪು ತಿಳಿವಳಿಕೆ. ಪಾಲು ಎಲ್ಲ ಕಡೆಯೂ ಶೇ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಬೌಲ್ಡರಿನಲ್ಲಿ ಸಮುದ್ರಮಟ್ಟಕ್ಕಿಂತ ಶೇ 18ರಷ್ಟು ಕಡಿಮೆ. ಅಂದರೆ ಒಂದೊಂದು ಉಸಿರಿಗೂ ಅಷ್ಟು ಸೋಡಿ. ದೇಹ ಮೊದಲು ಉಸಿರಾಟವನ್ನೂ ಎದೆಬಡಿತವನ್ನೂ ಏರಿಸಿ ಸಂಭಾಳಿಸುತ್ತದೆ. ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡದಿಂದ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸಲು ಮೂಳೆಮಜ್ಜೆಗೆ ಆದೇಶ ಹೋಗುತ್ತದೆ. ಆದೇಶ ಜಾರಿಗೆ ಬರಲು ವಾರಗಳು ಬೇಕು. ಈ ನಡುವೆ ರಕ್ತದ ದ್ರವಾಂಶ ಇಳಿಯುತ್ತದೆ, ನಿದ್ದೆ ಕೆಡುತ್ತದೆ. ಆದ್ದರಿಂದ ಎರಡು ಮೂರು ವಾರ ಮುಂಚೆ ಬಂದು ಒಗ್ಗಿಕೊಳ್ಳಬೇಕು, ಇಲ್ಲವೇ ಬಂದಿಳಿದ ಕೂಡಲೇ ಓಡಿ ಮುಗಿಸಬೇಕು ಎಂದು ಬಲ್ಲವರು ಹೇಳುವುದುಂಟು. ಮೂರನೇ ದಿನ ಓಡುವವನಿಗೆ ಎರಡರ ಲಾಭವೂ ಇಲ್ಲ. ಸಾಲದ್ದಕ್ಕೆ ಹನ್ನೊಂದೂವರೆ ಗಂಟೆ ಹಿಂದೆ ಬಿದ್ದ ಗಡಿಯಾರ. ಅಳಿಯ ಕಾಯ್ದಿರಿಸಿದ ವಿಮಾನ ಸರಿಯಾಗಿ ಮೂರು ದಿನ ಮುಂಚೆಯೇ ಇಳಿದಿರುತ್ತದೆ.

ಚರಿತ್ರೆಯ ಆಸರೆಯೂ ಉಪಯೋಗಕ್ಕೆ ಬರುವುದಿಲ್ಲ. 1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದಲ್ಲಿ, ಆ ದೂರದ ವಿಶ್ವದಾಖಲೆ ಹೊಂದಿದ್ದ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಪ್ರಜ್ಞೆ ತಪ್ಪಿ ಬಿದ್ದರು. ಆಮ್ಲಜನಕ ಕೊಟ್ಟು ಉಳಿಸಿಕೊಳ್ಳಬೇಕಾಯಿತು. ಇದನ್ನು ಊಟದ ಹೊತ್ತಿಗೆ ಪ್ರಸ್ತಾಪಿಸಿದರೆ “ಅದು 2,240 ಮೀಟರ್ ಮಾವ” ಎಂದು ಅಳಿಯ ಇನ್ನೊಂದು ಚಪಾತಿ ಬಡಿಸುತ್ತಾನೆ.

ಓಟಗಾರರನ್ನು ವೇಗಕ್ಕೆ ತಕ್ಕಂತೆ ತಂಡತಂಡವಾಗಿ ಬಿಡಲಾಗುತ್ತದೆ. ಬೆಳಗಿನ ತಂಪು, ಪಶ್ಚಿಮಕ್ಕೆ ವಾಲಿನಿಂತ ಫ್ಲ್ಯಾಟೈರನ್ಸ್ ಬಂಡೆಗಳು, ಒಣ ಹವೆಯಲ್ಲಿ ಕಾಣುವ ಮೊದಲೇ ಆರಿಹೋಗುವ ಬೆವರು. ಮೊದಲ ಕಿಲೋಮೀಟರಿನಲ್ಲಿ ಅತಿಥಿ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿರುತ್ತಾನೆ. ಎರಡನೆಯದರಲ್ಲಿ ಅದು ಪರಿಷ್ಕೃತವಾಗುತ್ತದೆ. ಅಷ್ಟರಲ್ಲಿ ನೀರಿನ ಮೇಜು ಬರುತ್ತದೆ.

ಗಾಳಿಗೂ ನೀರಿಗೂ ಗಂಟಲಿನವರೆಗೆ ಒಂದೇ ದಾರಿ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿ ಉಸಿರು ಅರೆಕ್ಷಣ ನಿಲ್ಲುತ್ತದೆ. ತಗ್ಗಿನ ಊರುಗಳಲ್ಲಿ ಈ ಅರೆಕ್ಷಣ ಯಾರ ಗಮನಕ್ಕೂ ಬಾರದು, ಇಲ್ಲಿ ಬರುತ್ತದೆ. ಅನುಭವಸ್ಥರು ಕಾಗದದ ಲೋಟದ ಅಂಚನ್ನು ಚಿವುಟಿ ಗಿಂಡಿಯ ಮೂತಿ ಮಾಡಿಕೊಂಡು, ತುಟಿಯ ಓರೆಯಿಂದ ಹೀರುತ್ತ ಸಾಗುತ್ತಾರೆ. ಆದರೆ ಲೋಟಕ್ಕೆ ಬಾಯಿ ತಾಗಿಸಿದ್ದಕ್ಕೆ ಐದನೇ ವಯಸ್ಸಿನಲ್ಲಿ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದವನು ನೀರು ಕುಡಿಯುವುದು ಎತ್ತಿಯೇ. ಈ ಲೋಟದಲ್ಲಿ ಇನ್ನಾರೂ ಕುಡಿಯುವುದಿಲ್ಲ, ಮುಂದಿನ ಹೆಜ್ಜೆಗೆ ಅದು ರಸ್ತೆ ಪಾಲು ಎಂದು ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಕೈ ಮೇಲೇಳುತ್ತದೆ, ಕತ್ತು ಹಿಂದಕ್ಕೆ ವಾಲುತ್ತದೆ, ಕಣ್ಣಿಗೆ ಕೊಲೊರಾಡೊದ ಶುದ್ಧ ನೀಲಿ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾಲುಗಳು ಮಾತ್ರ ಓಡುತ್ತಲೇ ಇರುತ್ತವೆ. ಗೇಣೆತ್ತರದಿಂದ ಇಳಿದ ಧಾರೆಯ ಮೊದಲ ಪಾಲು ಹಣೆಗೆ, ಎರಡನೆಯದು ಎಡಗಿವಿಗೆ, ಮೂರನೆಯದು ಎದೆಗೆ ಪಿನ್ ಮಾಡಿದ ನಂಬರಿಗೆ. ನಾಲ್ಕನೆಯದು ಗುರಿ ಮುಟ್ಟುತ್ತದೆ, ಅದೂ ಒಳಗೆಳೆಯುತ್ತಿದ್ದ ಉಸಿರಿನ ಜೊತೆಗೇ. ಮುಂದಿನದು ಕೆಮ್ಮು. ಓಡುತ್ತ ಕೆಮ್ಮಲು ಉಸಿರು ಸಾಲದು, ನಿಂತು ಕೆಮ್ಮಲು ಹಿಂದಿನವರು ಬಿಡರು. ಮೇಜಿನ ಹಿಂದಿದ್ದ ಹತ್ತು ವರ್ಷದ ಸ್ವಯಂಸೇವಕಿ “ಗುಡ್ ಜಾಬ್!” ಎಂದು ಚಪ್ಪಾಳೆ ತಟ್ಟಿ, ಪರಿಹಾರವೆಂದು ಇನ್ನೊಂದು ಲೋಟ ಹಿಡಿಯುತ್ತಾಳೆ. ಅದನ್ನೂ ಎತ್ತಿಯೇ ಕುಡಿಯಲಾಗುತ್ತದೆ. ಬಿಸಿಲಿಗೆ ತಲೆ ಮೇಲೆ ನೀರು ಸುರಿದುಕೊಳ್ಳುವ ಓಟಗಾರರು ಎಲ್ಲೆಲ್ಲೂ ಇರುವುದರಿಂದ, ನೋಡಿದವರು ಇದನ್ನು ಉದ್ದೇಶಪೂರ್ವಕ ಎಂದೇ ತಿಳಿಯುತ್ತಾರೆ. ಮಾನ ಉಳಿಯುವುದು ಹೀಗೆ.

ಉಳಿದ ದಾರಿಯಲ್ಲಿ ವಾದ್ಯಗೋಷ್ಠಿಗಳು, ಎಲ್ವಿಸ್ ವೇಷದವರು, ಹುಲ್ಲುಹಾಸಿನ ಮೇಲೆ ಜಾರುಬಂಡಿ ಹಾಕಿ ಓಟಗಾರರನ್ನು ಕರೆಯುವ ಮನೆಯವರು, ತಟ್ಟೆಯಲ್ಲಿ ಬೇಕನ್ ಹಿಡಿದು ನಿಂತವರು ಸಿಗುತ್ತಾರೆ. ಕೊನೆಗೆ ತೊರೆ ದಾಟಿ ಫೋಲ್ಸಮ್ ರಸ್ತೆಯ ಏರು. ಅದರ ತುದಿಗೆ ಕೊಲೊರಾಡೊ ವಿಶ್ವವಿದ್ಯಾಲಯದ ಸ್ಟೇಡಿಯಂ.

ಜನಸಾಮಾನ್ಯರು ಮೊದಲು ಓಡಿ, ಮೆಟ್ಟಿಲುಗಳ ಮೇಲೆ ಕೂತು ವೃತ್ತಿಪರರ ಓಟ ನೋಡುವುದು ಇಲ್ಲಿನ ರೂಢಿ. ಆ ಸೋಮವಾರ ಯುದ್ಧಗಳಲ್ಲಿ ಮಡಿದ ಅಮೆರಿಕದ ಸೈನಿಕರನ್ನು ನೆನೆಯುವ ದಿನವೂ ಹೌದು. ಆಕಾಶದಿಂದ ಪ್ಯಾರಾಚೂಟಿನವರು ಬಾವುಟಗಳೊಡನೆ ಇಳಿಯುತ್ತಾರೆ. ಆಮೇಲೆ ಬ್ಯೂಗಲ್. ಗದ್ದಲವೆಲ್ಲ ಒಮ್ಮೆಗೇ ನಿಂತು ಸಾವಿರಾರು ಜನ ಎದ್ದು ನಿಲ್ಲುತ್ತಾರೆ; ವೇಷ ಹಾಕಿದವರು ಟೋಪಿ ತೆಗೆಯುತ್ತಾರೆ. ಅರ್ಧ ಸುಲಿದ ಕಿತ್ತಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅತಿಥಿಯೂ ಏಳುತ್ತಾನೆ. ಪಕ್ಕದ ಮುದುಕರೊಬ್ಬರ ತುಟಿ ಯಾವುದೋ ಹೆಸರು ಹೇಳಿಕೊಳ್ಳುತ್ತಿರುವುದು ಕಾಣುತ್ತದೆ. ಬೆಳಗಿನಿಂದ ತನ್ನ ಉಸಿರಿನದೇ ಲೆಕ್ಕ ಹಾಕುತ್ತಿದ್ದವನಿಗೆ ಆ ಲೆಕ್ಕ ಸ್ವಲ್ಪ ಹೊತ್ತು ತಪ್ಪುತ್ತದೆ.

ಮನೆಗೆ ಬಂದ ಮೇಲೆ ಉಳಿಯುವ ಕೆಲಸ ಸಮಯದ ತಿದ್ದುಪಡಿ. ಇದಕ್ಕೆ ಶಾಸ್ತ್ರಾಧಾರವಿದೆ: ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ, 3,000 ಅಡಿಗಿಂತ ಎತ್ತರದ ಟ್ರ್ಯಾಕುಗಳಲ್ಲಿ ನಡೆದ ದೂರದ ಓಟಗಳ ಸಮಯವನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸುತ್ತದೆ. ಬೌಲ್ಡರಿನ ಸಮಯದಿಂದ ಆ ಲೆಕ್ಕದಂತೆ ಒಂದಿಷ್ಟು ಕಳೆದು ಅತಿಥಿ ಆ ಅಂಕಿಯನ್ನು ಬೆಂಗಳೂರಿನ ಗೆಳೆಯರಿಗೆ ವಾಟ್ಸ್ಆ್ಯಪ್ ಮಾಡುತ್ತಾನೆ. ಬೆಂಗಳೂರೂ ಹೆಚ್ಚುಕಡಿಮೆ 3,000 ಅಡಿಯ ಗೆರೆಯ ಮೇಲೇ ಕೂತಿರುವುದರಿಂದ, ಅಲ್ಲಿನ ಓಟದ ಜೊತೆ ಹೋಲಿಸುವಾಗ ಕಳೆಯಬೇಕಾದದ್ದು ಎರಡೂರುಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಅಳಿಯ ಅದನ್ನೂ ಹೇಳುತ್ತಾನೆ.