ಮೂರೂವರೆ ಅಡಿ ನೀರು, ಮೂರು ಲಕ್ಷ ಡಾಲರ್

ಫೀನಿಕ್ಸ್‌ನಲ್ಲಿ ವಿಮಾನ ಇಳಿಯುವಾಗ ಕಿಟಕಿಯಿಂದ ಬಗ್ಗಿ ನೋಡಿದರೆ, ಅರಿಜೋನಾದ ಆ ಮರಳುಗಾಡಿನಲ್ಲಿ ಹಿತ್ತಲು ಹಿತ್ತಲಿಗೂ ಒಂದು ನೀಲಿ ಚೌಕ ಕಾಣಿಸುತ್ತದೆ. ಅಂಥದೊಂದು ನನಗೂ ಬೇಕೆನಿಸಿ, ಪಕ್ಕದ ಚಾಂಡ್ಲರ್‌ನಲ್ಲಿ ಸ್ವಿಮ್ಮಿಂಗ್ ಪೂಲ್ ಇರುವ ಮನೆಯನ್ನೇ ಹುಡುಕಿ ಬಾಡಿಗೆಗೆ ಹಿಡಿದೆ. ನನಗೆ ಈಜು ಬಾರದು. ಆದರೆ ಊರಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಲು ಈಜು ಯಾಕೆ ಬೇಕು?

ಕರಾರು ಪತ್ರದಲ್ಲಿ ಒಂದು ಸಾಲಿತ್ತು: ಬಾಡಿಗೆದಾರರು 3 ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ ಮಾಡಿಸಿರತಕ್ಕದ್ದು. ನನ್ನೊಳಗಿನ ವಕೀಲ ಎದ್ದು ಕೂತ. “ಪೂಲ್ ನಿಮ್ಮದು, ವಿಮೆ ನನ್ನದು. ಇದ್ಯಾವ ನ್ಯಾಯ?” ಎಂದೆ. ಮನೆ ಮಾಲೀಕರು ಶಾಂತವಾಗಿ, “ಪೂಲ್ ನನ್ನದೇ. ಅದರೊಳಗೆ ಬೀಳುವವರು ನಿಮ್ಮ ನೆಂಟರು” ಎಂದರು.

ಲೆಕ್ಕ ಇಷ್ಟೆ. ಮನೆ, ಪೂಲು, ಅದರ ಮೋಟಾರು ಮಾಲೀಕರ ವಿಮೆಗೆ ಸೇರಿದ್ದು. ಮುರಿದ ಬೇಲಿಯನ್ನು ಅವರು ರಿಪೇರಿ ಮಾಡಿಸದೆ ಯಾರಿಗಾದರೂ ಏಟಾದರೆ ಅದೂ ಅವರ ತಲೆಗೇ. ಆದರೆ ನಾನು ಗೇಟು ತೆರೆದಿಟ್ಟು ಮರೆತರೆ ಹೊಣೆ ನನ್ನದು. ಬಾಡಿಗೆದಾರರ ವಿಮೆಯಲ್ಲಿ ಹೊಣೆಗಾರಿಕೆಯ ಮೊತ್ತ ಸಾಮಾನ್ಯವಾಗಿ 1 ಲಕ್ಷ ಡಾಲರಿನಿಂದ ಶುರು. ಪೂಲ್ ಇದ್ದರೆ 3 ಲಕ್ಷವೋ 5 ಲಕ್ಷವೋ ಇರಲಿ ಅನ್ನುತ್ತಾರೆ. ಅಷ್ಟಕ್ಕೂ ನಿದ್ದೆ ಬಾರದವರಿಗೆ 10 ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿ ಇದೆ.

ವಿಮೆ ಏಜೆಂಟ್ ಫೋನಿನಲ್ಲಿ ಕೇಳಿದ ಪ್ರಶ್ನೆಗಳಿಗಿಂತ ನನ್ನ ಮದುವೆ ಮಾತುಕತೆಯೇ ವಾಸಿ. ಬೇಲಿ ಐದಡಿ ಇದೆಯೇ? ಗೇಟು ತಾನೇ ಮುಚ್ಚಿಕೊಳ್ಳುತ್ತದೆಯೇ? ಚಿಲಕ ಪುಟ್ಟ ಮಕ್ಕಳ ಕೈಗೆ ಎಟುಕುತ್ತದೆಯೇ? (ನಾಲ್ಕೂವರೆ ಅಡಿಗಿಂತ ಕೆಳಗಿರಬಾರದಂತೆ.) ನೀರಿಗೆ ಧುಮುಕುವ ಹಲಗೆ, ಜಾರುಬಂಡೆ, ಟ್ರ್ಯಾಂಪೊಲಿನ್, ನಾಯಿ? ಟೇಪು ಹಿಡಿದು ಹಿತ್ತಲೆಲ್ಲ ಓಡಾಡುತ್ತಿದ್ದ ನನ್ನನ್ನು ನೋಡಿ, ಊರಿನಿಂದ ಬಂದಿದ್ದ ಅತ್ತೆ, “ಅಳಿಯಂದ್ರೆ, ಈಜೋಕೆ ಬರಲ್ಲ ಅಂದಮೇಲೆ ಈ ಹೊಂಡ ಯಾಕೆ ಬೇಕಿತ್ತು?” ಎಂದರು. ಹೆಂಡತಿ ನಕ್ಕಳು. ಹಿರಿಯರ ಮಾತಿಗೆ ಎದುರಾಡಬಾರದೆಂದು ಸುಮ್ಮನಾದೆ.

ಬೇಲಿ ಹಾರಿ ಕದ್ದು ಬಂದ ಪಕ್ಕದ ಮನೆಯ ಮಗು ಬಿದ್ದರೂ ನಾವೇ ಹೊಣೆಯಾಗಬಹುದೆಂದು ಏಜೆಂಟ್ ಹೇಳಿದಾಗ ಮಾತ್ರ ನಂಬಲಿಲ್ಲ. ಹುಡುಕಿ ನೋಡಿದರೆ ಅದು 1873ರಷ್ಟು ಹಳೆಯ ವಿಚಾರ. ನೆಬ್ರಾಸ್ಕದಲ್ಲಿ ರೈಲು ಎಂಜಿನ್ ತಿರುಗಿಸುವ ಚಕ್ರಕಟ್ಟೆಯ ಮೇಲೆ ಆಡಲು ಹೋದ ಚಿಕ್ಕ ಹುಡುಗನೊಬ್ಬನ ಕಾಲು ನಜ್ಜುಗುಜ್ಜಾಗಿತ್ತು. ಮಕ್ಕಳನ್ನು ಸೆಳೆಯುವಂಥ ಅಪಾಯವನ್ನು ಹಾಗೇ ಬಿಟ್ಟ ರೈಲು ಕಂಪನಿಯೇ ಪರಿಹಾರ ಕೊಡಬೇಕೆಂಬ ತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮೂರಲ್ಲಿ ಗೌಡರ ಬಾವಿಗೆ ಕದ್ದು ಈಜಲು ಹೋದ ಹುಡುಗರ ಚಡ್ಡಿಗಳನ್ನು ಗೌಡರು ಎತ್ತಿಕೊಂಡು ಹೋಗುತ್ತಿದ್ದರು. ಪರಿಹಾರ ಅಂದರೆ ಅದೇ.

ವಿಮೆ ಕೈಗೆ ಬಂದದ್ದೇ, ಯುಗಾದಿ ಊಟಕ್ಕೆ ಕನ್ನಡದ ಗೆಳೆಯರನ್ನೆಲ್ಲ ಕರೆದೆ. ಹೋಳಿಗೆಗೆ ಮುಂಚೆ ಸುರಕ್ಷತೆಯ ಬಗ್ಗೆ ಒಂದು ಭಾಷಣ. ರೇಷ್ಮೆ ಪಂಚೆಯುಟ್ಟು ಪೂಲಿನ ಅಂಚಿನಲ್ಲಿ ನಿಂತು, ಗೇಟು ತಾನೇ ಮುಚ್ಚಿಕೊಳ್ಳುವ ಚಂದವನ್ನು ತೋರಿಸಿ, “ಒದ್ದೆ ನೆಲದ ಮೇಲೆ ಯಾರೂ ಹಿಂದೆ ಮುಂದೆ ನೋಡದೆ ನಡೀಬೇಡಿ” ಎನ್ನುತ್ತಾ ಹಿಂದೆ ಹಿಂದೆ ನಡೆದೆ. ಮುಂದಿನದನ್ನು ನಾನು ನೀರೊಳಗಿಂದ ಕೇಳಿದ್ದು. ಪಂಚೆ ತಲೆಗೆ ಸುತ್ತಿಕೊಂಡಿತ್ತು. “ಅಯ್ಯೋ, ಉಳಿಸ್ರಪ್ಪಾ!” ಎಂದು ಬಡಿದಾಡುತ್ತಿದ್ದವನಿಗೆ ಗೆಳೆಯರೊಬ್ಬರು ಬಜ್ಜಿ ಕೆಳಗಿಡದೆಯೇ, “ಎದ್ದು ನಿಂತ್ಕೊಳ್ಳಿ ಸಾರ್” ಎಂದರು. ನಿಂತೆ. ನೀರು ಸೊಂಟದವರೆಗಿತ್ತು.

ಕಾಲು ಉಳುಕಿತ್ತು. ಜೇಬಿನ ಫೋನು ತೀರಿಕೊಂಡಿತ್ತು. ಆದರೂ ನನಗೆ ಒಳಗೊಳಗೇ ಸಮಾಧಾನ. ಕಂತು ಕಟ್ಟಿದ್ದಕ್ಕೂ ಸಾರ್ಥಕವಾಯಿತಲ್ಲ! ಹೆಂಡತಿಯ ಫೋನಿನಿಂದ ಏಜೆಂಟಿಗೆ ಕರೆ ಮಾಡಿದೆ. ಹೊಣೆಗಾರಿಕೆ ವಿಮೆಯೂ ಅದರ ಜೊತೆಗಿರುವ ಸಣ್ಣ ಚಿಕಿತ್ಸಾ ವೆಚ್ಚವೂ ಹೊರಗಿನವರಿಗೆ, ಮನೆಯವರಿಗಲ್ಲ ಎಂದರು. ಫೋನು? ಬೆಂಕಿ, ಕಳವು ಅಂತ ಪಾಲಿಸಿಯಲ್ಲಿ ಒಂದು ಪಟ್ಟಿಯಿದೆ. ಭಾಷಣ ಮಾಡುತ್ತಾ ನೀರಿಗೆ ಬೀಳುವುದು ಅದರಲ್ಲಿಲ್ಲ. ಇದ್ದಿದ್ದರೂ ಮೊದಲ 500 ಡಾಲರ್ ನನ್ನದೇ. ನನ್ನನ್ನು ಎತ್ತಲು ಬಂದವರ ಕಾಲು ಉಳುಕಿದ್ದರೆ? “ಓ, ಅವರಿಗೆ ಸಿಗುತ್ತಿತ್ತು” ಎಂದರು ಖುಷಿಯಿಂದ. ಆದರೆ ಯಾರೂ ಎತ್ತಲು ಬಂದಿರಲಿಲ್ಲ. ಬಜ್ಜಿ ಬಿಸಿಯಿತ್ತು.

ಬರುವ ತಿಂಗಳು ಕರಾರು ಮುಗಿಯುತ್ತದೆ. ಈಜು ಬಲ್ಲ, ವಿಮೆಯ ಸಣ್ಣಕ್ಷರಗಳನ್ನು ಓದಬಲ್ಲ, ಪಂಚೆ ಉಡದ ಕನ್ನಡಿಗರು ಯಾರಾದರೂ ಇದ್ದರೆ ತಿಳಿಸಿ, ಮನೆ ಖಾಲಿಯಾಗುತ್ತಿದೆ.