ಬಾದುಷಾದ ನಡುಗುಳಿ: ತಾತ್ವಿಕ ನೆಲೆಗಳು ಮತ್ತು ಸಾಂಸ್ಕೃತಿಕ ಆಯಾಮಗಳು

ಪ್ರಸ್ತಾವನೆ

ಪ್ರಸ್ತುತ ಸಂಪ್ರಬಂಧವು ದೀಪಾವಳಿ ಹಬ್ಬದ ಹಿನ್ನೆಲೆಯಲ್ಲಿ, ಗೃಹಕೇಂದ್ರಿತ ಪಾಕಪ್ರಕ್ರಿಯೆಯ ಮೂಲಕ ರೂಪುಗೊಂಡು ಆಪ್ತವಲಯಕ್ಕೆ ಹಂಚಿಕೆಯಾಗುವ, ಕರಿದು ಸಕ್ಕರೆ ಪಾಕದಲ್ಲಿ ಅದ್ದಲ್ಪಡುವ, ವರ್ತುಲಾಕಾರದ ಸಿಹಿ ಪಠ್ಯವೊಂದರ (ಇನ್ನು ಮುಂದೆ ಇದನ್ನು ‘ಬಾದುಷಾ’ ಎಂದು ಕರೆಯಲಾಗುವುದು) ಮಧ್ಯಭಾಗದಲ್ಲಿ ಕಂಡುಬರುವ ಗುಳಿಯನ್ನು ವಸಾಹತೋತ್ತರ ಚಿಂತನೆಯೊಂದಿಗೆ ಮುಖಾಮುಖಿಯಾಗಿಸುವ ಒಂದು ವಿನಮ್ರ ಪ್ರಯತ್ನವಾಗಿದೆ. ಬಾದುಷಾದ ಮೇಲೆ ಕೆಲಸ ಆಗಿಲ್ಲವೆಂದಲ್ಲ. ತಿನ್ನುವ ಕೆಲಸ ಸಾಕಷ್ಟು ಆಗಿದೆ. ಆದರೆ ಅದರ ಗುಳಿಯನ್ನು ಅನನ್ಯತೆಯ ನೆಲೆಯಲ್ಲಿ ಗ್ರಹಿಸುವ ಪ್ರಯತ್ನಗಳು ವಿರಳವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆ ಕೊರತೆಯನ್ನು ತುಂಬುವ ಚಾರಿತ್ರಿಕ ಜವಾಬ್ದಾರಿ ಈ ಸಂಶೋಧಕನ ಹೆಗಲ ಮೇಲೆ ಬಿದ್ದಿದೆ. ಗುಳಿಯೇ ತುಂಬಿಹೋದರೆ ಬಾದುಷಾ ಬಾದುಷಾ ಆಗಿ ಉಳಿಯದೆಂಬ ಎಚ್ಚರದಲ್ಲೇ ಆತ ಅದನ್ನು ಹೊತ್ತಿದ್ದಾನೆ.

ವ್ಯಾಪ್ತಿ, ಮಿತಿ, ಪ್ರಾಕ್ಕಲ್ಪನೆ

ಅಧ್ಯಯನದ ವ್ಯಾಪ್ತಿ ಕಾಲು ಕಿಲೋ ಮೈದಾ. ಮಿತಿ, ಡಬ್ಬದ ತಳದಲ್ಲಿ ಉಳಿದಿದ್ದ ತುಪ್ಪ. ಜಿಲೇಬಿ, ಜಹಾಂಗೀರುಗಳ ಸುರುಳಿಯಾಕೃತಿಯ ಮೇಲೆ ಬೇರೊಬ್ಬರು ಈಗಾಗಲೇ ನೋಂದಣಿ ಮಾಡಿಸಿರುವುದರಿಂದಲೂ, ಅವರ ಮಾರ್ಗದರ್ಶಕರೇ ನಮ್ಮ ಮೌಖಿಕ ಪರೀಕ್ಷೆಗೆ ಬರುವ ಸಂಭವವಿರುವುದರಿಂದಲೂ ಆ ಕಡೆ ತಲೆ ಹಾಕಿಲ್ಲ. ಪ್ರಾಕ್ಕಲ್ಪನೆ ಹೀಗಿದೆ: ಬಾದುಷಾದ ನಡುವೆ ಗುಳಿ ಇರುತ್ತದೆ. ಅಧ್ಯಯನದ ಕೊನೆಗೆ ಇದು ನಿಜವೆಂದು ಸಾಬೀತಾಗಲಿದೆ. ಸಾಬೀತಾಗದ ಪ್ರಾಕ್ಕಲ್ಪನೆ ಇಟ್ಟುಕೊಂಡು ಪದವಿ ಪಡೆದವರನ್ನು ನಾವು ಕಂಡಿಲ್ಲ.

ಪೂರ್ವಾಧ್ಯಯನಗಳ ಸಮೀಕ್ಷೆ

ಕನ್ನಡ ನಾಡಿನಲ್ಲಿ ಅಡುಗೆಯ ಮೇಲಿನ ಬರವಣಿಗೆಗೆ ಸಾವಿರ ವರ್ಷದ ಚರಿತ್ರೆಯಿದೆ. ಆಸ್ಥಾನಕವಿ ಎರಡನೆಯ ಚಾವುಂಡರಾಯ 1025ರ ‘ಲೋಕೋಪಕಾರ’ದಲ್ಲಿ ಅಂತರ್ಜಲ, ಗಿಡಮರ, ಸುಗಂಧ, ವೈದ್ಯಗಳ ಜೊತೆಗೆ ಅಡುಗೆಗೂ ಒಂದು ಅಧ್ಯಾಯ ಕೊಟ್ಟ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದ ‘ಮಾನಸೋಲ್ಲಾಸ’ ಬರೆದು, ಅದರಲ್ಲಿ ಅರಸನ ಊಟವನ್ನು ಭೋಗಗಳ ಸಾಲಿಗೆ ಸೇರಿಸಿದ. ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ರಚಿಸಿ, ಹಿಟ್ಟಿನ ತಿನಿಸುಗಳಿಗೆ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟ. ಒಬ್ಬ ಕವಿ, ಒಬ್ಬ ಚಕ್ರವರ್ತಿ, ಒಬ್ಬ ಪ್ರಭು. ಮೂವರೂ ಎಲೆಯ ಮುಂದೆ ಕೂತವರೇ ಹೊರತು ಒಲೆಯ ಮುಂದೆ ಕೂತವರಲ್ಲವೆಂದು ಊಹಿಸಲು ಅಡ್ಡಿಯಿಲ್ಲ. ಈ ಸಂಗತಿ ಮುಂದೆ ಮತ್ತೆ ಬರುತ್ತದೆ. ಸದ್ಯಕ್ಕೆ ಗುಳಿಯತ್ತ ಹೊರಳೋಣ.

ಗುಳಿಗಳ ವರ್ಗೀಕರಣ

ಬಾದುಷಾದ ಗುಳಿಗಳನ್ನು ಸ್ಥೂಲವಾಗಿ ಆರು ವರ್ಗಗಳಾಗಿ ವಿಂಗಡಿಸಬಹುದು.

ಅ) ಅಂಗುಷ್ಠಜನ್ಯ ಗುಳಿ: ಹೆಬ್ಬೆರಳಿನಿಂದ ಒತ್ತಿದ್ದು. ಇದರಲ್ಲಿ ದಕ್ಷಿಣ ಅಂಗುಷ್ಠಜನ್ಯ, ವಾಮ ಅಂಗುಷ್ಠಜನ್ಯ ಎಂಬ ಎರಡು ಉಪವರ್ಗಗಳು. ಎರಡನೆಯದನ್ನು ಎಡಗೈಯವರ ಪ್ರತಿರೋಧವೆಂದು ಓದಲು ಅವಕಾಶವಿದೆ.

ಆ) ಉಪಕರಣಜನ್ಯ ಗುಳಿ: ಲಟ್ಟಣಿಗೆಯ ತುದಿಯಿಂದಲೋ ಸೀಸೆಯ ಮುಚ್ಚಳದಿಂದಲೋ ಒತ್ತಿದ್ದು. ಯಂತ್ರನಾಗರಿಕತೆಯ ಪ್ರವೇಶವನ್ನು ಇದು ಸೂಚಿಸುತ್ತದೆ.

ಇ) ಪ್ರತೀಯಮಾನ ಗುಳಿ: ಒತ್ತುವಾಗ ಇದ್ದು, ಎಣ್ಣೆಯಲ್ಲಿ ಉಬ್ಬಿ ಕಾಣೆಯಾಗುವುದು. ಇದು ಇದೆಯೆಂದು ಮಾಡಿದವರಿಗೆ ಮಾತ್ರ ಗೊತ್ತು.

ಈ) ಪೂರ್ಣರಂಧ್ರ: ಡೋನಟ್. ತೌಲನಿಕ ಭಾಗವನ್ನು ನೋಡಿ.

ಉ) ಇದನ್ನೂ ಇದರ ಮುಂದಿನದನ್ನೂ ‘ಆರು’ ಎಂಬ ಸಂಖ್ಯೆಯ ಗಾಂಭೀರ್ಯಕ್ಕಾಗಿ ಹೇಳಲಾಗಿತ್ತು. ಹಬ್ಬದ ಹಿಂದಿನ ದಿನ ಮನೆಯ ತಟ್ಟೆಯಲ್ಲಿ ನೋಡಿದರೆ ಎಲ್ಲವೂ ಹೆಬ್ಬೆರಳಿನವೇ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಗುಳಿಯ ತಾತ್ವಿಕತೆ

ಗುಳಿ ಎಂದರೆ ಇಲ್ಲದಿರುವಿಕೆ. ಇಲ್ಲದಿರುವಿಕೆ ಕಂಡಲ್ಲೆಲ್ಲ ಅಲ್ಲಮಪ್ರಭುವಿನ ಬಯಲನ್ನೂ ಶೂನ್ಯವನ್ನೂ ಎಳೆದು ತರುವುದು ನಮ್ಮ ವಿಚಾರ ಸಂಕಿರಣಗಳ ವಾಡಿಕೆ. ಅಲ್ಲಮನನ್ನು ಈ ಪ್ಯಾರಾದ ಹೊಸ್ತಿಲವರೆಗೂ ಕರೆತರಲಾಯಿತು; ಬಾಣಲೆ ಕಂಡು ಆತನೇ ಹಿಂತಿರುಗಿದ. ಇನ್ನು ಕೇಂದ್ರ ಮತ್ತು ಅಂಚಿನ ಪ್ರಶ್ನೆ. ಬಾದುಷಾದಲ್ಲಿ ಕೇಂದ್ರ ತಗ್ಗಿದೆ, ಅಂಚು ಉಬ್ಬಿದೆ. ಅರ್ಥಾತ್, ಶತಮಾನಗಳಿಂದ ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳು ಇಲ್ಲಿ ಎದ್ದು ನಿಂತಿದ್ದು, ಕೇಂದ್ರವು ತನ್ನ ಯಜಮಾನಿಕೆಯನ್ನು ಕಳೆದುಕೊಂಡು, ಪಾಕ ತುಂಬಿಕೊಳ್ಳುವ ಅವಕಾಶವಾಗಿ ನಿರಚನೆಗೊಂಡಿದೆ. ಈ ವಾಕ್ಯ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇದೇ ಅಚ್ಚಿನಲ್ಲಿ ಉದ್ದಿನವಡೆ, ಪಡ್ಡು, ಕೋಡುಬಳೆಗಳ ಮೇಲೂ ಒಂದೊಂದು ಲೇಖನ ತೆಗೆಯಬಹುದು. ಎಲ್ಲವನ್ನೂ ಕೂಡಿಸಿ ಐಎಸ್‌ಬಿಎನ್ ಸಂಖ್ಯೆ ಹಾಕಿಸಿದರೆ ಬಡ್ತಿಯ ಅಂಕಗಳಿಗೂ ಒದಗುತ್ತದೆ.

ಕ್ಷೇತ್ರಕಾರ್ಯ

ವಕ್ತೃ ಸಂಖ್ಯೆ 1: ಗೃಹಿಣಿ, ವಯಸ್ಸು ಅರವತ್ತು ದಾಟಿದೆ, ವಿದ್ಯಾಭ್ಯಾಸ ಎಸ್‌ಎಸ್‌ಎಲ್‌ಸಿ, ಸಂಶೋಧಕನಿಗೆ ಸಂಬಂಧದಲ್ಲಿ ಚಿಕ್ಕಮ್ಮ. ವಕ್ತೃ ಸಂಖ್ಯೆ 2 ಇಲ್ಲ.

ಪ್ರಶ್ನಾವಳಿಯ ಮೊದಲ ಪ್ರಶ್ನೆ: “ಚಿಕ್ಕಮ್ಮ, ಬಾದುಷಾ ಮಾಡುವ ಸಂದರ್ಭದಲ್ಲಿ ನಿಮ್ಮ ಅಸ್ಮಿತೆ ಪೂರ್ಣವಾಗಿ ರೂಪುಗೊಳ್ಳುತ್ತದೋ, ಭಾಗಶಃ ರೂಪುಗೊಳ್ಳುತ್ತದೋ, ಅಥವಾ ಇಲ್ಲವೋ?”

ಉತ್ತರ: “ಆ ಕಾಗದ ಅತ್ತ ಇಡು, ಎಣ್ಣೆ ಆಗುತ್ತೆ. ಮೈದಾ ಜರಡಿ ಹಿಡಿ.”

ಜರಡಿ ಹಿಡಿಯುತ್ತಲೇ ಸಂಗ್ರಹಿಸಿದ ಮಾಹಿತಿ ಇಂತಿದೆ. ಕಾಲು ಕಿಲೋ ಮೈದಾಕ್ಕೆ ನೂರು ಗ್ರಾಂ ಒಳಗೆ ತುಪ್ಪ, ಎರಡು ಚಮಚ ಗಟ್ಟಿ ಮೊಸರು, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಮೊದಲು ತುಪ್ಪ, ಮೊಸರು, ಸೋಡಾ ಮೂರನ್ನೂ ಅಗಲ ತಟ್ಟೆಯಲ್ಲಿ ಹಾಕಿ ಬೆಳ್ಳಗೆ ನೊರೆ ಬರುವತನಕ ಅಂಗೈಯಲ್ಲಿ ತಿಕ್ಕಬೇಕು. ಆಮೇಲೆ ಮೈದಾ. “ಚಪಾತಿಗೆ ನಾದಿದ ಹಂಗೆ ನಾದಿದ್ಯೋ, ಕೆಟ್ಟೆ. ಸುಮ್ನೆ ಒಟ್ಟು ಕೂಡಿಸು, ಬಿರುಕು ಬಿರುಕಾಗೇ ಇರ್ಲಿ.” ಈ ಮಾತಿನ ಹಿಂದೆ ಇರುವುದು ಅಪ್ಪಟ ರಸಾಯನಶಾಸ್ತ್ರ. ತುಪ್ಪ ಹಿಟ್ಟಿನ ಕಣಗಳಿಗೆ ಸವರಿಕೊಂಡರೆ ನೀರು ಸಲೀಸಾಗಿ ಒಳಗಿಳಿಯದು, ಗ್ಲುಟೆನ್ ಎಳೆಗಳು ಬಲಿಯವು. ಮಿತಿಮೀರಿ ನಾದಿದರೆ ಅವು ಬಲಿತು ಬಾದುಷಾ ರಬ್ಬರಾಗುತ್ತದೆ. ಮೊಸರಿನ ಹುಳಿ ಸೋಡಾದೊಂದಿಗೆ ಸೇರಿ ಹೊಮ್ಮಿಸುವ ಇಂಗಾಲದ ಡೈಆಕ್ಸೈಡ್ ಪದರಗಳನ್ನು ಬಿಡಿಸುತ್ತದೆ. ಚಿಕ್ಕಮ್ಮ ಇದನ್ನು ‘ಎಸಳು ಬಿಡೋದು’ ಎನ್ನುತ್ತಾಳೆ.

ಎರಡನೆಯ ಪ್ರಶ್ನೆ: “ಗುಳಿಯ ಸಾಂಕೇತಿಕ ಅರ್ಥವೇನು?”

ಉತ್ತರ: “ನಡುವೆ ಒತ್ತದಿದ್ರೆ ಒಳಗೆ ಹಸಿಯಾಗಿ ಉಳಿಯುತ್ತೆ ಕಣೋ. ತಿಂದೋರಿಗೆ ಹೊಟ್ಟೆನೋವು ಬರುತ್ತೆ.”

ಸಂಪ್ರಬಂಧದ ಮುಖ್ಯ ಶೋಧ ಇಲ್ಲಿಗೆ ಮುಗಿಯಿತು. ದಪ್ಪಗಿನ ನಡುಭಾಗಕ್ಕೆ ಬಿಸಿ ಕೊನೆಗೆ ತಲುಪುತ್ತದೆ. ಒತ್ತಿ ತೆಳ್ಳಗೆ ಮಾಡಿದರೆ ಅಂಚಿನ ಜೊತೆಗೇ ಬೇಯುತ್ತದೆ. ಉಳಿದ ಪುಟಗಳು ನಿಯಮಾನುಸಾರ ಇರಬೇಕಾದ್ದರಿಂದ ಇವೆ.

ಎಣ್ಣೆಯ ವಿಚಾರ: “ಚೂರು ಹಿಟ್ಟು ಹಾಕಿ ನೋಡು. ತಕ್ಷಣ ಮೇಲೆ ಬಂತೋ, ಎಣ್ಣೆ ಜಾಸ್ತಿ ಕಾದಿದೆ ಅಂತ. ತಳಕ್ಕೆ ಹೋಗಿ, ಅಲ್ಲೇ ಸ್ವಲ್ಪ ಯೋಚ್ನೆ ಮಾಡಿ, ಆಮೇಲೆ ನಿಧಾನಕ್ಕೆ ಬರ್ಬೇಕು.” ಉರಿ ಜೋರಾದರೆ ಮೇಲೆ ಕೆಂಪಗಾಗಿ ಒಳಗೆ ಹಿಟ್ಟು ಉಳಿಯುತ್ತದೆ. ತುಪ್ಪ ಜಾಸ್ತಿಯಾಗಿದ್ದರೆ ಬಾಣಲೆಯಲ್ಲೇ ಬಿಚ್ಚಿಕೊಂಡು ಪುಡಿಯಾಗುತ್ತದೆ. ಸಣ್ಣ ಉರಿಯಲ್ಲಿ ಒಂದು ಸರತಿ ಬೇಯಲು ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲ. ಅಷ್ಟು ಹೊತ್ತೂ ಒಲೆ ಬಿಟ್ಟು ಕದಲುವಂತಿಲ್ಲ.

ಪಾಕದ ಹಂತದಲ್ಲಿ ಕೇಳಿದ ಮೂರನೆಯ, ನಾಲ್ಕನೆಯ, ಐದನೆಯ ಪ್ರಶ್ನೆಗಳಿಗೆ ವಕ್ತೃ ಮೌನ ವಹಿಸಿದರು. ಇದನ್ನು ಪಿತೃಪ್ರಧಾನ ಜ್ಞಾನವ್ಯವಸ್ಥೆಯ ವಿರುದ್ಧದ ಮೌನ ಪ್ರತಿಭಟನೆಯೆಂದು ದಾಖಲಿಸಿಕೊಳ್ಳುವಷ್ಟರಲ್ಲಿ ಆಕೆ ಹೆಬ್ಬೆರಳು ತೋರುಬೆರಳ ನಡುವೆ ಪಾಕ ಹಿಡಿದು ನೋಡಿ “ಬಂತು, ಒಂದೆಳೆ” ಎಂದು ಒಲೆ ಆರಿಸಿದಳು. ಒಂದೆಳೆ ಬರುವುದಕ್ಕೂ ಎರಡೆಳೆ ಆಗುವುದಕ್ಕೂ ನಡುವೆ ಇರುವ ಅವಧಿ ಬಲು ಚಿಕ್ಕದು. ಅಷ್ಟರಲ್ಲಿ ಅಸ್ಮಿತೆಯ ಬಗ್ಗೆ ಮಾತಾಡಲು ಆಗುವುದಿಲ್ಲ. ಮಿಠಾಯಿ ಅಂಗಡಿಯ ಉಷ್ಣಮಾಪಕದಲ್ಲಿ ಅದು ಹೆಚ್ಚುಕಡಿಮೆ 105 ಡಿಗ್ರಿ ಸೆಲ್ಸಿಯಸ್. ಚಿಕ್ಕಮ್ಮನಿಗೆ ಎರಡು ಬೆರಳು ಸಾಕು. ನಾಲ್ಕು ಹನಿ ನಿಂಬೆರಸ ಹಿಂಡಿದಳು: ಹುಳಿಗೆ ಒಂದಷ್ಟು ಸಕ್ಕರೆ ಗ್ಲುಕೋಸ್, ಫ್ರಕ್ಟೋಸ್ ಆಗಿ ಒಡೆಯುವುದರಿಂದ ಪಾಕ ಹರಳುಗಟ್ಟುವುದಿಲ್ಲ. ಮೇಲೆ ಬೆಳ್ಳಗೆ ಒಣ ಲೇಪ ಕೂರಬೇಕಾದರೆ ಮಾತ್ರ ಎರಡೆಳೆಗೆ ಬಿಟ್ಟು, ಬೇಕೆಂದೇ ಹರಳುಗಟ್ಟಿಸಬೇಕು.

ತೌಲನಿಕ ಅಧ್ಯಯನ

ತೌಲನಿಕವಿಲ್ಲದೆ ಯಾವ ಸಂಪ್ರಬಂಧವೂ ಅಂತರರಾಷ್ಟ್ರೀಯವಾಗುವುದಿಲ್ಲವಾದ್ದರಿಂದ ಡೋನಟ್‌ನತ್ತ ಬರೋಣ. ಅದನ್ನು ಯೀಸ್ಟಿನಿಂದ ಉಬ್ಬಿಸುವುದುಂಟು, ಬೇಕಿಂಗ್ ಪುಡಿಯಿಂದಲೂ ಉಬ್ಬಿಸುವುದುಂಟು. ಮೇಲಿನ ಹೊಳಪು ಪುಡಿಸಕ್ಕರೆ, ಹಾಲುಗಳದ್ದು. ತೂತಿನ ಕಥೆ ಮಾತ್ರ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟಿದೆ. ಅಮೆರಿಕದ ಮೇನ್ ರಾಜ್ಯದ ಹಡಗಿನ ಕಪ್ತಾನ ಹ್ಯಾನ್ಸನ್ ಗ್ರೆಗರಿ, 1847ರಲ್ಲಿ ತಾನಿನ್ನೂ ಹುಡುಗನಾಗಿದ್ದಾಗ, ಹಡಗಿನ ಮೇಲೆ, ಮೆಣಸಿನ ತಗಡು ಡಬ್ಬಿಯಿಂದ ಕರಿಯುವ ಹಿಟ್ಟಿನ ನಡುಭಾಗ ಕತ್ತರಿಸಿ ತೆಗೆದೆನೆಂದು ಮುಪ್ಪಿನಲ್ಲಿ ಹೇಳಿಕೊಂಡ. ಕಾರಣವೂ ಚಿಕ್ಕಮ್ಮನದೇ: ನಡುವೆ ಹಸಿ ಉಳಿಯುತ್ತಿತ್ತು. ಆತನ ನೆನಪಿಗೆ ರಾಕ್‌ಪೋರ್ಟ್ ಊರಿನಲ್ಲಿ ಫಲಕವಿದೆ. ಜಾಯಿಕಾಯಿ, ನಿಂಬೆಸಿಪ್ಪೆ ಹಾಕಿ ಆ ಹಿಟ್ಟು ಕಲಸಿ ಕರಿದುಕೊಡುತ್ತಿದ್ದವಳು ಅವನ ತಾಯಿ ಎಲಿಜಬೆತ್ ಎನ್ನುತ್ತಾರೆ. ಫಲಕ ಇರುವುದು ತೂತಿಗೆ.

ಇದಕ್ಕೊಂದು ಅಪವಾದವಿದೆ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಫ್ರಾನ್ಸಿನಲ್ಲಿದ್ದ ಅಮೆರಿಕನ್ ಸೈನಿಕರಿಗೆ ಡೋನಟ್ ಕರಿದುಕೊಟ್ಟ ಸಾಲ್ವೇಷನ್ ಆರ್ಮಿಯ ಇಬ್ಬರು ಹೆಂಗಸರ ಹೆಸರು ಉಳಿದಿದೆ: ಹೆಲೆನ್ ಪರ್ವಿಯನ್ಸ್, ಮಾರ್ಗರೆಟ್ ಷೆಲ್ಡನ್. ಅಂಥವರ ನೆನಪಿಗೆ 1938ರಿಂದ ಜೂನ್ ತಿಂಗಳ ಮೊದಲ ಶುಕ್ರವಾರ ಡೋನಟ್ ದಿನ ಆಚರಿಸುತ್ತಾರೆ. ಹೆಂಗಸು ಬಾಣಲೆ ಮುಂದೆ ನಿಂತದ್ದು ಚರಿತ್ರೆಯಲ್ಲಿ ದಾಖಲಾಗಬೇಕಾದರೆ ಒಂದು ಮಹಾಯುದ್ಧವೇ ಆಗಬೇಕೆಂದು ಇದರಿಂದ ಸಿದ್ಧವಾಗುತ್ತದೆ.

ವಿದ್ವತ್ ಸಮುದಾಯದ ಪ್ರತಿಕ್ರಿಯೆ

ಈ ಸಂಪ್ರಬಂಧಕ್ಕೆ ಪ್ರೇರಣೆಯಾದ ರಾಷ್ಟ್ರೀಯ ವಿಚಾರ ಸಂಕಿರಣದ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು ಕಾಲೇಜು. ಮಹಿಳೆ, ಆಹಾರ, ಸಂಸ್ಕೃತಿ ಎಂಬ ವಿಷಯ. ಹಾರ, ಶಾಲು, ಹಣ್ಣಿನ ಬುಟ್ಟಿ, ಮುಗಿಯದ ಸ್ವಾಗತ ಭಾಷಣ. ಒಬ್ಬ ವಿದ್ವಾಂಸರು ಒಲೆಯ ಮುಂದಿನ ಹೆಣ್ಣಿನ ಪ್ರತಿರೋಧದ ನೆಲೆಗಳನ್ನು ಗುರುತಿಸುತ್ತ, ಅಧ್ಯಕ್ಷರು ಕಳಿಸಿದ ಚೀಟಿಗಳನ್ನೆಲ್ಲ ಮಡಚಿ ಜೇಬಿಗಿಳಿಸಿ, ಊಟದ ಹೊತ್ತು ಮೀರುವವರೆಗೂ ಓದಿದರು. ಹಿಂದೆ ಶಾಮಿಯಾನದಡಿ ನಾಲ್ಕೈದು ಹೆಂಗಸರು ಬೆಳಗಿನಿಂದ ಹೋಳಿಗೆ ಬೇಯಿಸುತ್ತಿದ್ದರು. ಎಲೆಯ ಮುಂದೆ ಕೂತ ಅದೇ ವಿದ್ವಾಂಸರು, ಬಡಿಸಲು ಬಂದವಳ ಮುಖವನ್ನೂ ನೋಡದೆ ಗದರಿದರು: “ಏನಮ್ಮ ಇದು, ಹೋಳಿಗೆ ಆರಿಹೋಗಿದೆಯಲ್ಲ!”

ಆರಿಹೋಗದೆ ಇನ್ನೇನಾಗುತ್ತದೆ ಸ್ವಾಮಿ? ನೀವು ಅವಳ ಪ್ರತಿರೋಧವನ್ನು ಓದುತ್ತಿದ್ದಿರಿ.

ಇಲ್ಲಿಂದ ಮುಂದೆ ‘ಪ್ರಸ್ತುತ ಸಂಶೋಧಕ’ ಎಂದು ಬರೆಯಲು ನನ್ನಿಂದಾಗದು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಈ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸೊಬ್ಬಳು ಅದರಲ್ಲಿ ಕಳೆಯುತ್ತಿದ್ದುದು ದಿನಕ್ಕೆ ಸರಾಸರಿ 299 ನಿಮಿಷ. ಗಂಡಸು, ಮಾಡಿದರೆ, 97 ನಿಮಿಷ. ಮಾಡುತ್ತಿದ್ದ ಗಂಡಸರಾದರೂ ಎಷ್ಟು ಮಂದಿ? ನೂರಕ್ಕೆ 26ರಷ್ಟು. ಹಬ್ಬದ ಬಾದುಷಾ ಆ ಐದು ಗಂಟೆಯ ಮೇಲಿನ ಕೆಲಸ. ಪೇಟೆಯಲ್ಲಿರುವ ಮಗನಿಗೊಂದು ಡಬ್ಬ, ಮದುವೆಯಾದ ಮಗಳ ಮನೆಗೊಂದು ಡಬ್ಬ, ಅಕ್ಕಪಕ್ಕದ ಮನೆಗಳಿಗೆ ತಟ್ಟೆ, ಹಾಲಿನವನಿಗೆ ಎರಡು. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾದವು. ತಾನು ಮಾಡಿದ ಬಾದುಷಾದ ರುಚಿಯನ್ನು ಆಕೆ ಈಗ ಬೇರೆಯವರ ಬಾಯಲ್ಲಿ ಕೇಳಿಯೇ ತಿಳಿಯಬೇಕು. ಕೇಳಿದರೆ ನಾವು ತಿನ್ನುತ್ತ “ಹ್ಞೂಂ, ಚೆನ್ನಾಗಿದೆ” ಎಂದು ಟಿವಿ ಕಡೆ ತಿರುಗುತ್ತೇವೆ.

ಎಣ್ಣೆಯ ತಳದಲ್ಲಿ ಹಿಟ್ಟು ಎಷ್ಟು ಹೊತ್ತು ಯೋಚಿಸಬೇಕು, ಮಳೆಗಾಲದ ಮೈದಾಕ್ಕೆ ಮೊಸರು ಎಷ್ಟು ಕಡಿಮೆ ಸಾಕು, ಹಳೇ ಸೋಡಾ ಕೆಲಸ ಮಾಡುತ್ತದೋ ಇಲ್ಲವೋ ಎಂದು ಒಂದು ಹನಿ ನಿಂಬೆರಸದಲ್ಲಿ ಪರೀಕ್ಷಿಸುವುದು ಹೇಗೆ, ಇವೆಲ್ಲ ಆ ಕೈಗಳಿಗೆ ಗೊತ್ತು. ಯಾವ ಸಂಕಿರಣವೂ ಇವನ್ನು ಕೇಳಲಿಲ್ಲ. ಕೇಳಿದ್ದು ಅಸ್ಮಿತೆಯನ್ನು, ಬರೆದುಕೊಂಡದ್ದು ಪ್ರತಿರೋಧವನ್ನು, ಅಚ್ಚುಹಾಕಿಸಿದ್ದು ತಮ್ಮ ಹೆಸರನ್ನು. ಆ ತಲೆಮಾರು ಮುಗಿದ ಮೇಲೆ ನಮ್ಮ ಕಪಾಟಿನಲ್ಲಿ ಬಾದುಷಾದ ಮಹತ್ವದ ಮೇಲೆ ಸಂಪುಟಗಳಿರುತ್ತವೆ. ಬಾದುಷಾ ಮಾಡುವುದು ಮಾತ್ರ ಯಾರಿಗೂ ಬರುವುದಿಲ್ಲ.

ಈ ಸಂಪ್ರಬಂಧದಲ್ಲಾದರೂ ಹೆಸರು ಹಾಕೋಣವೆಂದು ಚಿಕ್ಕಮ್ಮನನ್ನು ಕೇಳಿದೆ. “ಬೇಡಪ್ಪ. ಹೆಸರು ಹಾಕಿದ್ರೆ ಬೀದಿಯೋರೆಲ್ಲ ಬಂದು ಆರ್ಡರ್ ಕೊಡ್ತಾರೆ. ದುಡ್ಡಂತೂ ಯಾರೂ ಕೊಡಲ್ಲ” ಎಂದಳು.

ಮುಂದಿನ ಅಧ್ಯಯನಕ್ಕೆ ಇರುವ ಅವಕಾಶಗಳು

1. ಕಜ್ಜಾಯದ ಮೇಲ್ಮೈ ಮತ್ತು ಆಧುನಿಕೋತ್ತರ ಬಿರುಕುಗಳು.

2. ಹಬ್ಬದ ದಿನ ಕೊನೆಯ ಪಂಕ್ತಿಯಲ್ಲಿ ಉಣ್ಣುವವರು ಯಾರು? ಇದಕ್ಕೆ ಕ್ಷೇತ್ರಕಾರ್ಯ ಬೇಕಿಲ್ಲ; ನಿಮ್ಮ ಮನೆಯ ಅಡುಗೆಮನೆಗೆ ಹೋಗಿ ನೋಡಿದರೆ ಸಾಕು.

3. ಆಸಕ್ತ ಸಂಶೋಧಕರು ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಟಿಪ್ಪಣಿ ಪುಸ್ತಕವಿಲ್ಲದೆ ಬರಬಹುದು. ಮೊದಲು ಮೈದಾ ಜರಡಿ ಹಿಡಿಯತಕ್ಕದ್ದು. ಪ್ರಶ್ನಾವಳಿಯನ್ನು ಒಲೆಯಿಂದ ದೂರ ಇಡತಕ್ಕದ್ದು. ಸಂಜೆ ಜಿಡ್ಡಿನ ಬಾಣಲೆ, ಪಾಕ ಮೆತ್ತಿದ ಪಾತ್ರೆಗಳನ್ನು ತೊಳೆದಿಟ್ಟವರಿಗೆ ಮಾತ್ರ ಪ್ರಮಾಣಪತ್ರ ನೀಡಲಾಗುವುದು.